ಬಿ.ಪಿ. ಇದೆ ಅಂತ ಬರೆಯಿರಿ, ಮೇಷ್ಟ್ರೇ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಅರಸೀಕೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 67. ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ ಆರು ತಿಂಗಳು ಹೋಗುತ್ತಿದ್ದೇವೆ. ಪ್ರವಾಸದ ಇನ್ಶೂರೆನ್ಸ್‌ಗೆ ಏಜೆಂಟರು ಹೇಳಿದ ಮೊತ್ತ ಕೇಳಿ ಎದೆ ಧಸಕ್ಕೆಂದಿತು. ನಾನು ಇವತ್ತಿನವರೆಗೆ ಆಸ್ಪತ್ರೆಯಲ್ಲಿ ಮಲಗಿದವನಲ್ಲ. ಬಿ.ಪಿ., ಶುಗರ್‌ಗೆ ಮಾತ್ರೆ ನುಂಗುತ್ತೇನೆ, ಅಷ್ಟೆ. ‘ಅದನ್ನು ಅರ್ಜಿಯಲ್ಲಿ ಬರೆಯಬೇಡಿ ಸಾರ್, ಕಡಿಮೆಯಲ್ಲಿ ಮುಗಿಸೋಣ’ ಅಂತ ಏಜೆಂಟರೇ ಹೇಳಿದರು. ವಿಸಾಕ್ಕೂ ಇದು ಕಡ್ಡಾಯವಲ್ಲವಂತೆ. ಸುಮ್ನೆ ದುಡ್ಡು ದಂಡ ಅಲ್ವಾ? ಕಾಶಿಗೆ ರೈಲಿನ ಟಿಕೆಟ್ ಮಾಡುವಾಗಲೂ 45 ಪೈಸೆಯ ವಿಮೆ ಬೇಕಾ ಅಂತ ಕೇಳಿತ್ತು. ಅದೂ ಇದೂ ಒಂದೇನಾ?

ಸಂಪಾದಕರ ಉತ್ತರ:

ಮೇಷ್ಟ್ರೇ, ತಾತ ಆಗುತ್ತಿದ್ದೀರಿ, ಮೊದಲು ಅಭಿನಂದನೆ.

ವಿಸಾದ ಮಾತು ನಿಜ. ಅಮೆರಿಕದ ಪ್ರವಾಸಿ ವಿಸಾಕ್ಕೆ ಇನ್ಶೂರೆನ್ಸ್ ಕೇಳುವುದಿಲ್ಲ. ಫ್ರಾನ್ಸ್, ಜರ್ಮನಿ, ಇಟಲಿಯಂಥ ಷೆಂಗೆನ್ ದೇಶಗಳು ಕೇಳುತ್ತವೆ. ಕಡಿಮೆಯೆಂದರೂ 30,000 ಯೂರೋ ಚಿಕಿತ್ಸಾ ವೆಚ್ಚ ಕೊಡುವ ಪಾಲಿಸಿ ಇಲ್ಲದೆ ಅಲ್ಲಿನ ವಿಸಾ ಸಿಗುವುದಿಲ್ಲ. ತಮಾಷೆ ನೋಡಿ, ಕಡ್ಡಾಯ ಮಾಡಿದ ಯುರೋಪಿಗಿಂತ ಕಡ್ಡಾಯ ಮಾಡದ ಅಮೆರಿಕದಲ್ಲೇ ಅದರ ಅಗತ್ಯ ಜಾಸ್ತಿ.

ಯಾಕೆ ಅಂದರೆ ಅಲ್ಲಿನ ಆಸ್ಪತ್ರೆ ಬಿಲ್ಲು. ಒಂದು ರಾತ್ರಿ ಮಲಗಿ ಎದ್ದು ಬಂದರೂ ಸಾವಿರಾರು ಡಾಲರ್. ಹೃದಯದ ಆಪರೇಷನ್ ಆದರೆ ಬಿಲ್ಲು ಲಕ್ಷ ಡಾಲರ್ ದಾಟುವುದು ಅಪರೂಪವೇನಲ್ಲ. ಅದೂ ಒಂದೇ ಬಿಲ್ಲು ಬರುವುದಿಲ್ಲ. ಆಸ್ಪತ್ರೆಯದ್ದು ಒಂದು, ಎಮರ್ಜೆನ್ಸಿ ಡಾಕ್ಟರದ್ದು ಇನ್ನೊಂದು, ಸ್ಕ್ಯಾನ್ ಓದಿದವರದ್ದು ಮತ್ತೊಂದು, ಆಂಬುಲೆನ್ಸ್‌ನದ್ದು ಬೇರೆ. ಮನೆಗೆ ಬಂದು ಎಷ್ಟೋ ವಾರಗಳಾದ ಮೇಲೂ ಲಕೋಟೆಗಳು ಬರುತ್ತಲೇ ಇರುತ್ತವೆ.

‘ದುಡ್ಡಿಲ್ಲ ಅಂದರೂ ಅಲ್ಲಿ ನೋಡಿಯೇ ನೋಡುತ್ತಾರಂತಲ್ಲ’ ಅಂತ ಯಾರಾದರೂ ನಿಮಗೆ ಹೇಳಬಹುದು. ಅರ್ಧ ನಿಜ. 1986ರ ಕಾನೂನೊಂದರ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ಆಸ್ಪತ್ರೆ ಹಿಂದೆ ಕಳಿಸುವಂತಿಲ್ಲ. ಜೀವಕ್ಕೆ ಅಪಾಯವಿಲ್ಲ ಅನ್ನುವ ಸ್ಥಿತಿಗೆ ತರಲೇಬೇಕು. ಆದರೆ ಆ ಕಾನೂನು ಚಿಕಿತ್ಸೆ ಕೊಡಿ ಅನ್ನುತ್ತದೆಯೇ ಹೊರತು ಪುಕ್ಕಟೆ ಕೊಡಿ ಅನ್ನುವುದಿಲ್ಲ. ಬಿಲ್ಲು ನಿಮ್ಮ ಹೆಸರಿಗೇ ಬರುತ್ತದೆ. ಚೌಕಾಸಿ ಮಾಡಿದರೆ ಕೆಲವು ಆಸ್ಪತ್ರೆಗಳು ಇಳಿಸುವುದೂ ಉಂಟು. ಅದನ್ನು ನಂಬಿಕೊಂಡು ವಿಮಾನ ಹತ್ತುವ ಹಾಗಿಲ್ಲ.

ಈ ದುಡ್ಡು ಕಟ್ಟುವವರು ಯಾರು? ನಿಮ್ಮ ಪೆನ್ಷನ್ನಿಂದ ಆಗುವ ಮಾತಲ್ಲ. ಬಿಲ್ಲು ಅಪ್ಪನ ಹೆಸರಿನಲ್ಲಿದೆ ಅಂತ ಮಗಳು ಕೈಕಟ್ಟಿ ಕೂರುತ್ತಾಳಾ? ಎಳೇ ಮಗು, ಮನೆ ಸಾಲದ ಕಂತು, ಅದರ ಮೇಲೆ ಇದು. ಆದ್ದರಿಂದ ಈ ಪಾಲಿಸಿ ನಿಮ್ಮ ಆರೋಗ್ಯಕ್ಕಿಂತ ಅವಳ ಸಂಸಾರವನ್ನು ಕಾಯುವುದೇ ಹೆಚ್ಚು. ನೀವು ಗಟ್ಟಿಮುಟ್ಟಾಗಿರುವುದು ಒಳ್ಳೆಯದೇ. ಹಾಗಂತ ಹಿಮ ಬಿದ್ದ ಅಂಗಳದಲ್ಲಿ ಕಾಲು ಜಾರಿದರೆ ಸೊಂಟದ ಮೂಳೆ ಅದನ್ನೆಲ್ಲ ನೋಡಿ ಮುರಿಯುವುದಿಲ್ಲ.

ಮಗಳ ಕಂಪನಿಯ ಇನ್ಶೂರೆನ್ಸ್‌ಗೆ ನಮ್ಮನ್ನೂ ಸೇರಿಸಿಬಿಟ್ಟರೆ? ಅನೇಕರು ಕೇಳುತ್ತಾರೆ. ಬೆಂಗಳೂರಿನ ಕಂಪನಿಗಳಲ್ಲಿ ಅಪ್ಪ ಅಮ್ಮನನ್ನು ಸೇರಿಸಲು ಬರುತ್ತದಲ್ಲ, ಆ ರೂಢಿಯ ಮೇಲೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಗಂಡ, ಹೆಂಡತಿ, ಮಕ್ಕಳಷ್ಟೇ. ನಮ್ಮೂರಿನ ಮೆಡಿಕ್ಲೇಮ್ ಪಾಲಿಸಿಗಳೂ ಹೆಚ್ಚಿನವು ದೇಶದ ಗಡಿ ದಾಟಿದರೆ ನಡೆಯುವುದಿಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ತರಿಸಿದ ಸಾಲಿಗೆ ಬರುತ್ತೇನೆ. ಬಿ.ಪಿ., ಶುಗರ್ ಬರೆಯಬೇಡಿ ಅನ್ನುವ ಸಲಹೆ. ಹೇಳಿದವರಿಗೆ ಕಮಿಷನ್ ಬರುತ್ತದೆ, ಕ್ಲೇಮು ಹಾಕುವ ದಿನ ಅವರು ಪಕ್ಕದಲ್ಲಿ ಇರುವುದಿಲ್ಲ. ಒಂದು ರಾತ್ರಿ ಎದೆ ಹಿಡಿದುಕೊಂಡಿತು ಅಂದುಕೊಳ್ಳಿ. ಎಮರ್ಜೆನ್ಸಿಯಲ್ಲಿ ನರ್ಸ್ ಕೇಳುವ ಮೊದಲ ಪ್ರಶ್ನೆಗಳಲ್ಲೇ ಒಂದು: ಬಿ.ಪಿ. ಇದೆಯಾ, ಎಷ್ಟು ವರ್ಷದಿಂದ, ಯಾವ ಮಾತ್ರೆ? ಮಗಳು ಗಾಬರಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ, ಹೇಳಲೇಬೇಕು. ಅದು ಕೇಸ್ ಶೀಟ್‌ನಲ್ಲಿ ದಾಖಲಾಗುತ್ತದೆ. ವಿಮಾ ಕಂಪನಿ ಮೊದಲು ತರಿಸಿಕೊಳ್ಳುವುದೇ ಆ ಕಾಗದವನ್ನು. ಅರ್ಜಿಯಲ್ಲಿ ‘ಇಲ್ಲ’, ಕೇಸ್ ಶೀಟ್‌ನಲ್ಲಿ ‘ಹತ್ತು ವರ್ಷದಿಂದ ಇದೆ’. ಕ್ಲೇಮು ಅಲ್ಲಿಗೆ ಮುಗಿಯಿತು. ಕಟ್ಟಿದ ಪ್ರೀಮಿಯಂ ನಿಜವಾಗಿ ದಂಡವಾಗುವುದು ಹೀಗೆ. ಅರ್ಜಿಯಲ್ಲಿ ಕಾಯಿಲೆಯ ಬಗ್ಗೆ ಏನೇನು ಕೇಳಿದ್ದಾರೋ ಎಲ್ಲಕ್ಕೂ ಇದ್ದದ್ದನ್ನು ಬರೆಯಿರಿ, ನಿಮ್ಮ ಕೈಯಲ್ಲೇ ತುಂಬಿ. ಪಾಲಿಸಿ ಕೊಂಡ ಮೇಲೆ, ಹೊರಡುವ ಮುಂಚೆ ಹೊಸದೇನಾದರೂ ಕಾಯಿಲೆ ಗೊತ್ತಾದರೆ ಅದನ್ನೂ ತಿಳಿಸಿ.

ಬರೆದ ಮಾತ್ರಕ್ಕೆ ಎಲ್ಲವೂ ಸಿಗುತ್ತದೆ ಅಂತಲೂ ಅಲ್ಲ. ಮೊದಲೇ ಇದ್ದ ಕಾಯಿಲೆಯನ್ನು ಎಷ್ಟೋ ಪ್ರವಾಸ ಪಾಲಿಸಿಗಳು ಹೊರಗೇ ಇಡುತ್ತವೆ. ಕೆಲವು, ಅದರಿಂದ ಜೀವಕ್ಕೇ ಅಪಾಯ ಬಂದರೆ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಅಮೆರಿಕದ ಪಾಲಿಸಿಗಳಲ್ಲಿ ‘ಅಕ್ಯೂಟ್ ಆನ್‌ಸೆಟ್’ ಅಂತ ಒಂದು ಕಲಂ ಇರುತ್ತದೆ. ಹಳೇ ಕಾಯಿಲೆ ಯಾವ ಸೂಚನೆಯೂ ಇಲ್ಲದೆ ಹಠಾತ್ತನೆ ಉಲ್ಬಣಿಸಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು, ಆಗ ಕೊಡುತ್ತಾರೆ. ನಾಲ್ಕು ದಿನದಿಂದ ಎದೆ ನೋಯುತ್ತಿತ್ತು, ಮಗಳಿಗೆ ತೊಂದರೆ ಯಾಕೆ ಅಂತ ಸುಮ್ಮನಿದ್ದೆ ಅಂದರೆ ಕಷ್ಟ. ನಮ್ಮ ಹಿರಿಯರು ಮಾಡುವುದು ಹೆಚ್ಚಾಗಿ ಇದನ್ನೇ. ಎಷ್ಟೋ ಪಾಲಿಸಿಗಳಲ್ಲಿ 70 ದಾಟಿದವರಿಗೆ ಈ ಮೊತ್ತ ಬಹಳ ಇಳಿಯುತ್ತದೆ. ನಿಮಗೆ 67, ಈ ಸಲ ಪರವಾಗಿಲ್ಲ. ಎರಡನೇ ಮೊಮ್ಮಗುವಿನ ಹೊತ್ತಿಗೆ ಇದನ್ನು ಮತ್ತೆ ಓದಬೇಕಾದೀತು.

ಇನ್ನೊಂದು ಕಡೆ ಜನ ಏಮಾರುತ್ತಾರೆ. ಅಲ್ಲಿ ಸಿಗುವ ಪಾಲಿಸಿಗಳಲ್ಲಿ ಎರಡು ಜಾತಿ. ಒಂದು ಫಿಕ್ಸೆಡ್. ಡಾಕ್ಟರ ಭೇಟಿಗೆ ಇಷ್ಟು, ಸ್ಕ್ಯಾನಿಗೆ ಇಷ್ಟು, ಒಂದು ದಿನದ ಹಾಸಿಗೆಗೆ ಇಷ್ಟು ಅಂತ ಪಟ್ಟಿ ಇರುತ್ತದೆ. ಬಿಲ್ಲು ಅದರ ಹತ್ತು ಪಟ್ಟು ಬಂದರೂ ಕಂಪನಿ ಪಟ್ಟಿಯಲ್ಲಿದ್ದಷ್ಟೇ ಕೊಡುತ್ತದೆ. ಇನ್ನೊಂದು ಕಾಂಪ್ರಹೆನ್ಸಿವ್. ಮೊದಲ ಇಷ್ಟು ಡಾಲರ್ ನಿಮ್ಮದು, ಅದಕ್ಕೆ ಡಿಡಕ್ಟಬಲ್ ಅನ್ನುತ್ತಾರೆ. ಆಮೇಲಿನದ್ದರಲ್ಲಿ ದೊಡ್ಡ ಪಾಲು ಕಂಪನಿಯದ್ದು, ಒಟ್ಟು ಮಿತಿಯವರೆಗೆ. ಫಿಕ್ಸೆಡ್ ಅಗ್ಗ, ಎರಡೂ ಪಾಲಿಸಿಯ ಮುಖಪುಟದಲ್ಲಿ ‘50,000 ಡಾಲರ್’ ಅಂತ ಒಂದೇ ಥರ ದಪ್ಪಕ್ಷರದಲ್ಲಿ ಇರುತ್ತದೆ. ನನ್ನ ಮಾತು ಕೇಳುವುದಾದರೆ ಆರು ತಿಂಗಳಿಗೆ ಫಿಕ್ಸೆಡ್ ಬೇಡ. ಡಿಡಕ್ಟಬಲ್ ಹೆಚ್ಚು ಇಟ್ಟುಕೊಂಡರೆ ಪ್ರೀಮಿಯಂ ಇಳಿಯುತ್ತದೆ. 500 ಡಾಲರ್ ಮಗಳು ಹೇಗೋ ಕಟ್ಟುತ್ತಾಳೆ, 50,000 ಕಟ್ಟಲಾರಳು. ಉಳಿಸಬೇಕಾದ ಜಾಗ ಅದು.

ಇಲ್ಲಿ ಕೊಳ್ಳುವುದಾ, ಮಗಳು ಅಲ್ಲಿ ಕೊಳ್ಳುವುದಾ? ಭಾರತದ ಪಾಲಿಸಿಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಅಗ್ಗ. 60 ದಾಟಿದವರಿಗೆ ಒಳಗಡೆ ಸಣ್ಣ ಸಣ್ಣ ಮಿತಿಗಳನ್ನು ಇಟ್ಟಿರುತ್ತಾರೆ, ಆಪರೇಷನ್‌ಗೆ ಇಷ್ಟೇ, ಐಸಿಯುಗೆ ಇಷ್ಟೇ ಅಂತ. ಅದನ್ನು ಮೊದಲು ಕೇಳಿ. ತಕರಾರಾದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಅಮೆರಿಕದ ಪಾಲಿಸಿಗೆ ಈ ಅನುಕೂಲವಿಲ್ಲ. ಅಲ್ಲಿ ಬೇರೊಂದು ಅನುಕೂಲ: ಕಂಪನಿಯ ಜಾಲದಲ್ಲಿರುವ ಆಸ್ಪತ್ರೆಗೆ ಹೋದರೆ ಬಿಲ್ಲು ನೇರವಾಗಿ ಕಂಪನಿಗೇ ಹೋಗುತ್ತದೆ. ಮೊದಲು ಕಟ್ಟಿ ಆಮೇಲೆ ಕಾಗದ ಹಿಡಿದು ಅಲೆಯುವ ಕಷ್ಟ ಕಡಿಮೆ. ಬಿ.ಪಿ., ಶುಗರ್ ಎರಡೂ ಇರುವ ನಿಮ್ಮಂಥವರಿಗೆ ನಾನು ಅಲ್ಲಿನ ಕಾಂಪ್ರಹೆನ್ಸಿವ್ ಕಡೆಗೇ ವಾಲುತ್ತೇನೆ. ಎರಡನ್ನೂ ಮಗಳ ಮುಂದಿಟ್ಟು ನೋಡಿ. ಯಾವುದೇ ಆದರೂ ಬೆಂಗಳೂರಲ್ಲಿ ವಿಮಾನ ಹತ್ತುವ ದಿನದಿಂದ ಶುರುವಾಗಲಿ.

ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಇಲ್ಲಿಂದಲೇ ಒಯ್ಯಿರಿ. ದಿನನಿತ್ಯದ ಔಷಧಿ, ಮಾಮೂಲಿ ಚೆಕಪ್, ಕನ್ನಡಕಕ್ಕೆಲ್ಲ ಇನ್ಶೂರೆನ್ಸ್ ಬರುವುದಿಲ್ಲ. ಹಲ್ಲು ನೋವನ್ನು ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ. ಅಲ್ಲಿ ಜ್ವರ, ಕೆಮ್ಮು ಅಂದರೆ ಎಮರ್ಜೆನ್ಸಿಗೆ ಓಡಬೇಡಿ. ‘ಅರ್ಜೆಂಟ್ ಕೇರ್’ ಅಂತ ಸಣ್ಣ ಕ್ಲಿನಿಕ್ಕುಗಳಿರುತ್ತವೆ, ಬಿಲ್ಲು ಬಹಳ ಕಡಿಮೆ.

ಸೂಟ್‌ಕೇಸ್ ಕಳೆದರೆ ಕೊಡುತ್ತೇವೆ, ವಿಮಾನ ತಡವಾದರೆ ಕೊಡುತ್ತೇವೆ ಅಂತ ಜಾಹೀರಾತಿನಲ್ಲಿ ಜೋರಾಗಿ ಹೇಳುತ್ತಾರೆ. ಅದಕ್ಕೆ ಮರುಳಾಗಿ ಪಾಲಿಸಿ ಆರಿಸಬೇಡಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗಿಗೆ ವಿಮಾನ ಕಂಪನಿಯೇ ಹೊಣೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಈಗ ಆ ಮಿತಿ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಮಾನ), ಅಂದರೆ ಸುಮಾರು ಎರಡು ಸಾವಿರ ಡಾಲರ್. ಬ್ಯಾಗ್ ಬರದಿದ್ದರೆ ಏರ್‌ಪೋರ್ಟ್ ಬಿಡುವ ಮುಂಚೆ ಕೌಂಟರಿನಲ್ಲಿ ದೂರು ಬರೆಸಿ ಪ್ರತಿ ತೆಗೆದುಕೊಳ್ಳಿ. ಒಡೆದು ಬಂದಿದ್ದರೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು. ತೊಕ್ಕು, ಚಟ್ನಿಪುಡಿಗೆ ಯಾರೂ ಪರಿಹಾರ ಕೊಡುವುದಿಲ್ಲ, ಅದು ಬೇರೆ ಮಾತು.

ವಿಮಾನ ರದ್ದಾದರೂ ಅಷ್ಟೆ, ಪಾಲಿಸಿಯಲ್ಲಿ ಯಾವ ಕಾರಣ ಬರೆದಿದೆ ಅನ್ನುವುದೇ ಮುಖ್ಯ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶವನ್ನೇ ಮುಚ್ಚಿತು. ಸುಮಾರು ಒಂದು ಲಕ್ಷ ವಿಮಾನಗಳು ರದ್ದಾದವು. ಬ್ರಿಟನ್ನಿನ ಕೆಲವು ವಿಮಾ ಕಂಪನಿಗಳು ‘ಕೆಟ್ಟ ಹವಾಮಾನಕ್ಕೆ ಕೊಡುತ್ತೇವೆ, ಬೂದಿ ಹವಾಮಾನವಲ್ಲ’ ಅಂದವು. ಪ್ರಯಾಣಿಕರು ದೂರು ಹಿಡಿದು ಅಲೆದರು. ಕೋವಿಡ್ ಬಂದಾಗಲೂ ಎಷ್ಟೋ ಪಾಲಿಸಿಗಳ ಒಳಪುಟದಲ್ಲಿ ಮಹಾಮಾರಿಗೆ ಪರಿಹಾರವಿಲ್ಲ ಅಂತ ಮೊದಲೇ ಬರೆದಿತ್ತು. ನೀವು ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವರು. ‘ಎಕ್ಸ್‌ಕ್ಲೂಷನ್ಸ್’, ಅಂದರೆ ಯಾವುದಕ್ಕೆ ಕೊಡುವುದಿಲ್ಲ ಅನ್ನುವ ಆ ಎರಡು ಪುಟಗಳನ್ನು ಅದೇ ಕಣ್ಣಿನಿಂದ ಓದಿ.

ಶುಭಕಾರ್ಯಕ್ಕೆ ಹೊರಟವರಿಗೆ ಹೇಳಬಾರದ ಮಾತು, ಆದರೂ ಹೇಳುತ್ತೇನೆ. ಸಾವು ಸಂಭವಿಸಿದರೆ ದೇಹವನ್ನು ಊರಿಗೆ ತರುವ ಖರ್ಚು ಪಾಲಿಸಿಯಲ್ಲಿ ಇದೆಯಾ ನೋಡಿ. ತೀರಾ ಕೈಲಾಗದವರಿಗೆ ನಮ್ಮ ರಾಯಭಾರ ಕಚೇರಿಗಳಲ್ಲಿ ಒಂದು ಕಲ್ಯಾಣ ನಿಧಿ ಇದೆ. ಆದರೆ ಮನೆಯವರ ಸ್ಥಿತಿಗತಿ ವಿಚಾರಿಸಿಯೇ ಕೊಡುತ್ತಾರೆ. ಕೆಲಸದಲ್ಲಿರುವ ಮಗಳಿರುವಾಗ ಅದನ್ನು ನೆಚ್ಚಿಕೊಳ್ಳಲಾಗದು.

ಇನ್ನು ರೈಲಿನ 45 ಪೈಸೆ. ಅದೂ ಇದೂ ಒಂದೇ ಅಲ್ಲ. ಅಮೆರಿಕದ್ದು ಕಾಯಿಲೆಯ ಖರ್ಚಿಗೆ, ಇದು ರೈಲು ಅಪಘಾತಕ್ಕೆ ಮಾತ್ರ. ಸಾವಾದರೆ ಅಥವಾ ಪೂರ್ತಿ ಅಂಗವಿಕಲರಾದರೆ 10 ಲಕ್ಷ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ದೇಶದೊಳಗಿನ ಪ್ರವಾಸಕ್ಕೆ ನಿಮ್ಮ ಮೆಡಿಕ್ಲೇಮ್ ಕಾಶಿಯಲ್ಲೂ ನಡೆಯುತ್ತದೆ, ಬೇರೆ ಪಾಲಿಸಿ ಬೇಕಿಲ್ಲ. ಆದರೆ 45 ಪೈಸೆಗೆ ಲೆಕ್ಕ ಹಾಕುತ್ತಾ ಕೂರಬೇಡಿ, ಟಿಕ್ ಮಾಡಿ. 2023ರ ಜೂನ್ 2ರಂದು ಬಾಲಸೋರ್ ಬಳಿ 290ಕ್ಕೂ ಹೆಚ್ಚು ಜನ ಸತ್ತ ಅಪಘಾತದಲ್ಲಿ ಸಿಕ್ಕಿಬಿದ್ದ ರೈಲುಗಳಲ್ಲಿ ಒಂದು ಬೆಂಗಳೂರಿನಿಂದಲೇ ಹೊರಟಿತ್ತು. ಜನರಲ್ ಬೋಗಿಯಲ್ಲಿ ಕೂತವರಿಗೆ ಈ ವಿಮೆ ಇರುವುದೇ ಇಲ್ಲ, ಆನ್‌ಲೈನಿನಲ್ಲಿ ಸೀಟು ಕಾದಿರಿಸಿದವರಿಗೆ ಮಾತ್ರ. ರೈಲ್ವೆ ಕೊಡುವ ಪರಿಹಾರ ಇದರಿಂದ ಬೇರೆ, ಅದು ಎಲ್ಲರಿಗೂ ಉಂಟು.

ಟಿಕ್ ಮಾಡಿದ ಮೇಲೆ ವಿಮಾ ಕಂಪನಿಯಿಂದ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ಅದರಲ್ಲಿ ನಾಮಿನಿ ಹೆಸರು ತುಂಬಬೇಕು. ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ನಿಮ್ಮವರ ಹೆಸರನ್ನು ನೀವು, ನಿಮ್ಮ ಹೆಸರನ್ನು ಅವರು ಹಾಕಿಕೊಂಡು ಬಿಡಬೇಡಿ, ಇಬ್ಬರೂ ಒಂದೇ ಬೋಗಿಯಲ್ಲಿ ಹೋಗುವವರು. ಮಗಳ ಹೆಸರು ಬರೆಯಿರಿ.