ಓದುಗರ ಪ್ರಶ್ನೆ: ಪ್ರವಾಸಿಯಾಗಿ ಹೋಗಿ ಪರದೇಶದ ಬೆಟ್ಟದೂರಿನಲ್ಲಿ ನೆಲೆಸಬಹುದೇ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಅಧ್ಯಾಪಕ. ನನಗೆ 61 ವರ್ಷ, ನನ್ನ ಪತ್ನಿಗೆ 57. ಸೋಮವಾರಪೇಟೆಯ ಹತ್ತಿರ ನಮಗೆ ಸಣ್ಣದೊಂದು ಕಾಫಿ ತೋಟವಿದೆ. ಅದನ್ನು ಈಗ ಮಗನೇ ನೋಡಿಕೊಳ್ಳುತ್ತಿದ್ದಾನೆ. ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಕಡೆ ಪ್ರವಾಸ ಹೋಗಿದ್ದಾಗ ಅಲ್ಲಿನ ಬೆಟ್ಟಗಳಲ್ಲಿ ಅರೇಬಿಕಾ ಬೆಳೆದಿರುವುದನ್ನು ಕಂಡು ಇಬ್ಬರಿಗೂ ಮನಸ್ಸು ಅಲ್ಲೇ ನಿಂತಿತು. ಬ್ಯಾಂಕಾಕಿನ ಗದ್ದಲ ನಮಗೆ ಬೇಡ. ಪ್ರವಾಸಿಗಳಾಗಿ ಹೋಗಿ, ಅವಧಿಯನ್ನು ವಿಸ್ತರಿಸಿಕೊಳ್ಳುತ್ತಾ, ಸಣ್ಣ ಊರೊಂದರಲ್ಲಿ ನೆಲೆಸಿ, ಒಂದೆರಡು ಎಕರೆ ಪಡೆದು ಕಾಫಿ ಬೆಳೆಯಬಹುದೇ?
— ಹೆಸರು ಬೇಡ, ಸೋಮವಾರಪೇಟೆ

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಉಳಿಯುವ ಅವಧಿಯನ್ನು ವಿಸ್ತರಿಸುವುದು ಒಂದು, ನೆಲೆಸುವುದು ಇನ್ನೊಂದು, ಬೇಸಾಯ ಮಾಡುವುದು ಮತ್ತೊಂದು. ಥಾಯ್ಲೆಂಡಿನ ಕಾನೂನು ಇವುಗಳನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ; ಮೊದಲನೆಯದು ಸಿಕ್ಕಿದರೆ ಎರಡನೆಯದಕ್ಕೆ ಹಕ್ಕು ಬರುವುದಿಲ್ಲ, ಎರಡನೆಯದು ಸಿಕ್ಕಿದರೂ ಮೂರನೆಯದಕ್ಕೆ ಬರುವುದಿಲ್ಲ.

ಭಾರತೀಯ ಪ್ರವಾಸಿಗಳಿಗೆ 30 ದಿನಗಳಿದ್ದ ವೀಸಾರಹಿತ ಪ್ರವೇಶವನ್ನು ಥಾಯ್ಲೆಂಡ್ 2024ರ ಜುಲೈನಲ್ಲಿ 60 ದಿನಗಳಿಗೆ ಏರಿಸಿತು. ಆ ಅವಧಿ ಮುಗಿಯುವ ಮೊದಲು ನೀವು ವಾಸವಿರುವ ಪ್ರದೇಶದ ವಲಸೆ ಕಚೇರಿಗೆ ಹೋಗಿ, ಟಿ.ಎಂ. 7 ಎಂಬ ನಮೂನೆಯನ್ನು ತುಂಬಿ, 1,900 ಬಾತ್ (ಥಾಯ್ಲೆಂಡಿನ ನಾಣ್ಯ) ಶುಲ್ಕ ಕಟ್ಟಿದರೆ ಅಧಿಕಾರಿಯು ತನ್ನ ವಿವೇಚನೆಯಂತೆ ಮತ್ತೆ 30 ದಿನ ಕೊಡಬಹುದು. ಪ್ರವಾಸಿಯಾಗಿ ನಿಮಗೆ ಸಿಗುವುದು ಅಷ್ಟೇ. ಇಂತಹ ರಿಯಾಯಿತಿಗಳನ್ನು ಅಲ್ಲಿನ ಸರ್ಕಾರ ಆಗಾಗ ಬದಲಿಸುವುದರಿಂದ, ಟಿಕೆಟ್ ಕಾಯ್ದಿರಿಸುವ ಮುನ್ನ ಥಾಯ್ ರಾಯಭಾರ ಕಚೇರಿಯ ಆಗಿನ ಪ್ರಕಟಣೆಯನ್ನು ನೋಡಿಕೊಳ್ಳಿ. 2025ರ ಮೇ 1ರಿಂದ ವಿಮಾನ ಹತ್ತುವ ಮೊದಲೇ ಆಗಮನದ ಡಿಜಿಟಲ್ ಕಾರ್ಡನ್ನು ತುಂಬುವುದೂ ಕಡ್ಡಾಯವಾಗಿದೆ.

ಅವಧಿ ಮುಗಿದಾಗಲೆಲ್ಲ ಗಡಿ ದಾಟಿ ಮರುದಿನ ಮರಳಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂದು ಕೆಲವರು ನಿಮಗೆ ಹೇಳಿರಬಹುದು. ಹಾಗೆ ವರ್ಷಗಟ್ಟಲೆ ಕಳೆದವರಿದ್ದಾರೆ, ನಿಜ. ಆದರೆ ಪಾಸ್‌ಪೋರ್ಟಿನ ಪುಟಗಳಲ್ಲಿ ಒಂದರ ಹಿಂದೊಂದು ಬಿದ್ದ ಮುದ್ರೆಗಳನ್ನು ಕಂಡ ಅಧಿಕಾರಿಯು ಪ್ರವೇಶವನ್ನೇ ನಿರಾಕರಿಸುವ ಅಧಿಕಾರವನ್ನು ಹೊಂದಿರುತ್ತಾನೆ, ಮತ್ತು ಅಂಥ ದಿನ ನಿಮ್ಮ ಬಾಡಿಗೆ ಮನೆ, ಔಷಧಿ, ಬಟ್ಟೆಬರೆ ಎಲ್ಲವೂ ಗಡಿಯ ಆಚೆ ಉಳಿದಿರುತ್ತವೆ. ಅರುವತ್ತು ದಾಟಿದವರು ಇದನ್ನು ಜೀವನಕ್ರಮವಾಗಿ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತಿನಂತೆ ಗರಿಷ್ಠ 20,000 ಬಾತ್ ದಂಡ ತೆರಬೇಕು; 90 ದಿನಕ್ಕಿಂತ ಹೆಚ್ಚು ಮೀರಿದವರು ತಾವಾಗಿಯೇ ವಿಮಾನ ನಿಲ್ದಾಣಕ್ಕೆ ಬಂದು ಹೊರಟರೂ ಒಂದು ವರ್ಷ ಮರಳಿ ಬರುವಂತಿಲ್ಲ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ನಿಷೇಧ ಐದು ವರ್ಷ ಅಥವಾ ಅದಕ್ಕೂ ಹೆಚ್ಚು.

ನೆಲೆಸಲು ಯೋಗ್ಯವಾದ ದಾರಿ ಬೇರೆಯೇ ಇದೆ. 50 ವರ್ಷ ತುಂಬಿದವರಿಗೆ ನಿವೃತ್ತರ ವರ್ಗದಲ್ಲಿ ಒಂದೊಂದು ವರ್ಷದ ಅನುಮತಿ ದೊರೆಯುತ್ತದೆ. ಇದಕ್ಕೆ ಥಾಯ್ ಬ್ಯಾಂಕಿನಲ್ಲಿ ಅರ್ಜಿದಾರರ ಸ್ವಂತ ಹೆಸರಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಠೇವಣಿಯ ದಾರಿ ಹಿಡಿದರೆ, ಹಣವು ವರ್ಷದ ಅನುಮತಿಗೆ ಅರ್ಜಿ ಹಾಕುವ ಎರಡು ತಿಂಗಳ ಮುಂಚಿನಿಂದ ಖಾತೆಯಲ್ಲಿದ್ದು, ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಅಲುಗಾಡದೆ, ಉಳಿದ ಕಾಲದಲ್ಲಿ 4 ಲಕ್ಷಕ್ಕಿಂತ ಕೆಳಗಿಳಿಯದೆ ಇರಬೇಕು. ಅಂದರೆ ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿಗೂ ಮೀರಿದ ಮೊತ್ತ ಅಲ್ಲಿ ಕಟ್ಟಿಹಾಕಿದಂತೆ ಇರುತ್ತದೆ. ನಿಮ್ಮ ಪತ್ನಿಯವರು ಅವಲಂಬಿತರಾಗಿ ನಿಮ್ಮ ಜೊತೆಯಲ್ಲೇ ಇರಬಹುದಾದ್ದರಿಂದ ಅವರಿಗೆ ಪ್ರತ್ಯೇಕ ಠೇವಣಿ ಬೇಡ. ಆದರೆ ವಿವಾಹ ನೋಂದಣಿ ಪತ್ರ ಬೇಕು. ನಿಮ್ಮ ತಲೆಮಾರಿನ ಅನೇಕರ ಮದುವೆಗೆ ಲಗ್ನಪತ್ರಿಕೆ ಮತ್ತು ಫೋಟೋಗಳ ಹೊರತು ಬೇರೆ ದಾಖಲೆಯೇ ಇರುವುದಿಲ್ಲ. ಹಾಗಿದ್ದರೆ ಮೊದಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಆ ಪತ್ರಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ ಪಡೆಯುವ ಕೆಲಸವನ್ನು ಈಗಲೇ ಆರಂಭಿಸಿ.

ಪ್ರವಾಸಿಯಾಗಿ ಒಳಗೆ ಹೋದವರು ಅಲ್ಲಿಯೇ ವರ್ಗ ಬದಲಿಸಿಕೊಳ್ಳಲು ಅವಕಾಶವಿದೆ. ಅನುಮತಿಯಲ್ಲಿ ಕನಿಷ್ಠ 15 ದಿನ ಬಾಕಿ ಇರುವಾಗ ಅರ್ಜಿ ಹಾಕಬೇಕು, ಮೊದಲು 90 ದಿನ ಸಿಗುತ್ತದೆ, ಅದರ ಕೊನೆಯಲ್ಲಿ ವರ್ಷದ ಅನುಮತಿಗೆ ಕೇಳಬೇಕು. ತೊಡಕು ಇರುವುದು ಬ್ಯಾಂಕಿನಲ್ಲಿ. ಠೇವಣಿಯಿಲ್ಲದೆ ವರ್ಗ ಬದಲಾಗುವುದಿಲ್ಲ, ಪ್ರವಾಸಿಗೆ ಖಾತೆ ತೆರೆಯಲು ಹೆಚ್ಚಿನ ಶಾಖೆಗಳು ಒಪ್ಪುವುದಿಲ್ಲ. ಆದ್ದರಿಂದ ಭಾರತದಲ್ಲಿದ್ದುಕೊಂಡೇ ದೀರ್ಘಾವಧಿಯ ನಿವೃತ್ತ ವೀಸಾಕ್ಕೆ ಅರ್ಜಿ ಹಾಕುವುದು ಮೇಲು ಎಂಬುದು ನನ್ನ ಸಲಹೆ. 2025ರ ಜನವರಿಯಿಂದ ಈ ಅರ್ಜಿಗಳು ಆನ್‌ಲೈನ್ ಮೂಲಕವೇ ಹೋಗುತ್ತವೆ. ಇದಕ್ಕೆ ಇಲ್ಲಿನ ಬ್ಯಾಂಕಿನಲ್ಲಿರುವ ಹಣವನ್ನೇ ತೋರಿಸಬಹುದು. ಜೊತೆಗೆ ಪೊಲೀಸ್ ಪರಿಶೀಲನಾ ಪತ್ರ, ವೈದ್ಯಕೀಯ ಪ್ರಮಾಣಪತ್ರ ಹಾಗೂ 30 ಲಕ್ಷ ಬಾತ್ ಮೊತ್ತದ ಆರೋಗ್ಯ ವಿಮೆ ಬೇಕು. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೆ ವಿಮೆಯ ಕಂತು ದುಬಾರಿಯಾಗುತ್ತದೆ. ವಿಮೆಯ ದರವನ್ನು ಮೊದಲು ಕೇಳಿ ತಿಳಿದು, ಮಿಕ್ಕ ಲೆಕ್ಕ ಆಮೇಲೆ ಹಾಕಿ.

ಹಣ ಕಳುಹಿಸುವುದಾದರೆ, ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ಭಾರತೀಯರೊಬ್ಬರು ಆರ್ಥಿಕ ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ. ರಿಟರ್ನ್ ಸಲ್ಲಿಸಿದರೆ ಅದು ಹೊಂದಾಣಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ಮಾರ್ಚ್ ಕೊನೆಗೆ ಒಂದು ಕಂತು, ಏಪ್ರಿಲ್ ಆರಂಭಕ್ಕೆ ಇನ್ನೊಂದು ಕಂತು ಕಳುಹಿಸಿದರೆ ಹೊರೆ ಬಹಳಷ್ಟು ಇಳಿಯುತ್ತದೆ.

ಇನ್ನು ಸಣ್ಣ ಊರಿನ ವಿಚಾರ. ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಗಳೊಳಗೆ ವಲಸೆ ಕಚೇರಿಗೆ ತಿಳಿಸಬೇಕೆಂಬ ನಿಯಮವಿದೆ. ನಗರದ ವಸತಿ ಸಮುಚ್ಚಯಗಳಲ್ಲಿ ಇದನ್ನು ಗುಮಾಸ್ತರು ಮಾಡಿ ಮುಗಿಸುತ್ತಾರೆ. ಹಳ್ಳಿಯ ಮನೆಯೊಡೆಯರಿಗೆ ಈ ನಿಯಮವೇ ಗೊತ್ತಿಲ್ಲದಿರಬಹುದು, ಗೊತ್ತಿದ್ದರೂ ಸರ್ಕಾರಿ ಕಚೇರಿಯ ಸಹವಾಸ ಬೇಡವೆನ್ನಬಹುದು, ಆದರೆ ಆ ರಸೀದಿಯಿಲ್ಲದೆ ನಿಮ್ಮ ಅವಧಿ ವಿಸ್ತರಣೆಯ ಅರ್ಜಿ ಮುಂದೆ ಸಾಗುವುದು ಕಷ್ಟ. ಮನೆ ಒಪ್ಪುವ ಮೊದಲೇ ಈ ಮಾತು ಆಡಿ ಮುಗಿಸಿ. ವರ್ಷದ ಅನುಮತಿ ಇದ್ದರೂ ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ನಡುವೆ ಪುತ್ತರಿ ಹಬ್ಬಕ್ಕೋ ಮದುವೆಗೋ ಊರಿಗೆ ಬರುವುದಾದರೆ, ಹೊರಡುವ ಮುನ್ನ ಮರುಪ್ರವೇಶದ ಅನುಮತಿ ಪಡೆಯಬೇಕು. ಒಂದು ಬಾರಿಗೆ 1,000 ಬಾತ್, ಹಲವು ಬಾರಿಗೆ 3,800. ಅದನ್ನು ಮರೆತು ವಿಮಾನ ಹತ್ತಿದರೆ ಇಡೀ ವರ್ಷದ ಅನುಮತಿ ಅಲ್ಲಿಗೇ ರದ್ದಾಗುತ್ತದೆ. ಭಾರತದ ಕಾನ್ಸುಲೇಟ್ ಇರುವುದು ಚಿಯಾಂಗ್ ಮಾಯ್ ನಗರದಲ್ಲಿ, ಚಿಯಾಂಗ್ ರಾಯ್‌ನಿಂದ ಬಸ್ಸಿನಲ್ಲಿ ಮೂರು ಗಂಟೆಗೂ ಹೆಚ್ಚಿನ ದಾರಿ.

ಹವೆಯ ಬಗ್ಗೆಯೂ ಒಂದು ಮಾತು. ನೀವು ನೋಡಿದ ಬೆಟ್ಟಗಳು ಬಹುಶಃ ಡಿಸೆಂಬರಿನವು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಕೊಡಗಿನಲ್ಲಿ ನಾವು ಕಾಫಿ ಹೂ ಅರಳಿಸುವ ಹೂಮಳೆಗೆ ಮುಗಿಲು ನೋಡುತ್ತಿರುವ ಕಾಲದಲ್ಲಿ, ಉತ್ತರ ಥಾಯ್ಲೆಂಡಿನಲ್ಲಿ ಹೊಲದ ಕೂಳೆಗೂ ಕಾಡಿಗೂ ಬಿದ್ದ ಬೆಂಕಿಯ ಹೊಗೆ ಕಣಿವೆಗಳಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಉಬ್ಬಸವಿರುವವರಿಗೆ ಅದು ಸಹನೀಯವಲ್ಲ. ಒಂದು ಮಾರ್ಚ್ ತಿಂಗಳನ್ನು ಪ್ರವಾಸಿಯಾಗಿ ಅಲ್ಲಿ ಕಳೆದು ನೋಡಿ. ವೀಸಾರಹಿತ ಪ್ರವೇಶದ ನಿಜವಾದ ಉಪಯೋಗ ನಿಮಗೆ ಇಷ್ಟೇ.

ಕಾಫಿಯ ವಿಷಯದಲ್ಲಿ ನಿಮ್ಮನ್ನು ನಿರಾಶೆಗೊಳಿಸಬೇಕಾಗಿದೆ. ಅಫೀಮು ಬೆಳೆಯ ಬದಲಿಗೆ ಕಾಫಿಯನ್ನು ತಂದ ಡೊಯ್ ತುಂಗ್ ಯೋಜನೆ 1988ರಲ್ಲಿ ಆರಂಭವಾದದ್ದು ಅಲ್ಲಿನ ಗುಡ್ಡಗಾಡು ಜನರ ಬದುಕಿಗಾಗಿ. ವಿದೇಶಿಯರು ಅಲ್ಲಿ ಭೂಮಿಯನ್ನು ಕೊಳ್ಳುವಂತಿಲ್ಲ. 1999ರ ವಿದೇಶಿ ವ್ಯವಹಾರ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಭತ್ತ, ತೋಟ ಮತ್ತು ಇತರ ಬೆಳೆಗಳ ಬೇಸಾಯವನ್ನು ವಿದೇಶಿಯರಿಗೆ ನಿಷೇಧಿಸಲಾಗಿದೆ. ನಿವೃತ್ತ ವರ್ಗದವರು ಸಂಪಾದನೆಯ ಯಾವ ಕೆಲಸವನ್ನೂ ಮಾಡುವಂತಿಲ್ಲ. ಸ್ಥಳೀಯರೊಬ್ಬರ ಹೆಸರಿನಲ್ಲಿ ಜಮೀನು ಕೊಳ್ಳಿಸಿ ಅನುಭವಿಸುವುದು ಅಪರಾಧ. ಹಣ ಹೋದರೆ ದೂರು ಕೊಡಲೂ ದಾರಿಯಿರುವುದಿಲ್ಲ. ಮನೆಯನ್ನು ಗರಿಷ್ಠ 30 ವರ್ಷಗಳ ಗುತ್ತಿಗೆಗೆ ಪಡೆಯಬಹುದು, ಮೂರು ವರ್ಷ ಮೀರಿದ ಗುತ್ತಿಗೆಯನ್ನು ಭೂ ಕಚೇರಿಯಲ್ಲಿ ನೋಂದಾಯಿಸಬೇಕು. ಎಷ್ಟು ವರ್ಷ ಉಳಿದರೂ ನಿವೃತ್ತ ವರ್ಗದಿಂದ ಕಾಯಂ ವಾಸದ ಹಕ್ಕು ದೊರೆಯುವುದಿಲ್ಲ. ಕೊಡಗಿನ ಕಾಫಿ ಬೆಳೆಗಾರನಿಗೆ ಆ ಬೆಟ್ಟದಲ್ಲಿ ಬಾಡಿಗೆಯ ಮನೆ ಸಿಗುತ್ತದೆ, ತೋಟ ಸಿಗುವುದಿಲ್ಲ. ಇದನ್ನು ಒಪ್ಪಿಕೊಳ್ಳಬಲ್ಲಿರಾದರೆ ಮಾತ್ರ ಹೊರಡಿ.

ಪ್ರಶ್ನೆ: ನನಗೆ 26 ವರ್ಷ. ಹೋಂಸ್ಟೇ ನಡೆಸಿದ ಅನುಭವವಿದೆ. ಈಗ ಪ್ರವಾಸಿಯಾಗಿ ಥಾಯ್ಲೆಂಡಿಗೆ ಹೋಗಿ, ಗಡಿ ಭಾಗದ ಸಣ್ಣ ಪಟ್ಟಣದ ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿ, ನಂತರ ವೀಸಾ ಬದಲಿಸಬಹುದು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?
— ಓದುಗ, ಗೋಣಿಕೊಪ್ಪಲು

ಉತ್ತರ: ನಂಬಬೇಡಿ. ಪ್ರವಾಸಿಯಾಗಿ ಹೋದವರು ಒಂದು ದಿನವೂ ದುಡಿಯುವಂತಿಲ್ಲ. ಉದ್ಯೋಗದಾತರು ಮೊದಲು ದಾಖಲೆ ಕೊಟ್ಟು, ಕೆಲಸದ ವರ್ಗದ ವೀಸಾ ಮತ್ತು ಕೆಲಸದ ಪರವಾನಗಿ ಎರಡೂ ಆಗಬೇಕು. ಗಡಿ ಭಾಗದ ಪಟ್ಟಣ ಎಂಬ ಮಾತೇ ನನಗೆ ಆತಂಕ ತರುತ್ತದೆ. ಥಾಯ್ಲೆಂಡಿನ ಕೆಲಸವೆಂದು ನಂಬಿಸಿ, ಮೇ ಸೊಟ್ ಎಂಬ ಗಡಿ ಪಟ್ಟಣದ ಮೂಲಕ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸಾಗಿಸಿ, ಅಲ್ಲಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಿಂದಲೂ ಎಚ್ಚರಿಸುತ್ತಿದೆ. 2025ರ ಮಾರ್ಚ್‌ನಲ್ಲಿ ಅಂತಹ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮೇ ಸೊಟ್‌ನಿಂದ ಕರೆತರಬೇಕಾಯಿತು. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಳಿ, ಅದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯೇ ನೋಡಿ. ನೋಂದಾಯಿತರೂ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.

ಪ್ರಶ್ನೆ: ಮಗಳ ಜೊತೆ ಇರಲು ನಾವು ವಿದೇಶಕ್ಕೆ ಹೋಗುತ್ತಿದ್ದೇವೆ, ಅಲ್ಲಿಯೇ ನೆಲೆಸುವ ಉದ್ದೇಶ. ಅನಿವಾಸಿಗಳಾದ ಮೇಲೆ ಇಲ್ಲಿನ ತೋಟವನ್ನು ಮಾರಲೇಬೇಕೇ?
— ಓದುಗರು, ನಾಪೋಕ್ಲು

ಉತ್ತರ: ಬೇಡ. ನಿವಾಸಿಯಾಗಿದ್ದಾಗ ಪಡೆದ ಕೃಷಿಭೂಮಿ ಮತ್ತು ತೋಟವನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು. ಪಿತ್ರಾರ್ಜಿತವಾಗಿ ಬಂದದ್ದನ್ನೂ ಹೊಂದಬಹುದು. ಹೊಸದಾಗಿ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಆದ್ದರಿಂದ ಪಕ್ಕದ ಜಾಗವನ್ನು ಕೊಳ್ಳುವ ಮಾತುಕತೆ ನಡೆಯುತ್ತಿದ್ದರೆ ಹೊರಡುವ ಮೊದಲೇ ನೋಂದಣಿ ಮುಗಿಸಿ. ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಇಲ್ಲಿನ ಆದಾಯಕ್ಕಾಗಿ ಇಡುವ ರೂಪಾಯಿ ಖಾತೆ) ಬದಲಿಸಿಕೊಳ್ಳಬೇಕು. ಕಾಫಿ, ಕರಿಮೆಣಸು ಮಾರಿದ ಹಣ ಅದಕ್ಕೇ ಜಮೆಯಾಗಬೇಕು. ನಿಮ್ಮದು ಒಕ್ಕದ (ಕೊಡವ ಕುಲಮನೆತನದ) ಹೆಸರಿನಲ್ಲಿರುವ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಪಹಣಿಯಲ್ಲಿ ನಿಮ್ಮ ಪಾಲು ಹೇಗೆ ದಾಖಲಾಗಿದೆ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಈಗಲೇ ಪರಿಶೀಲಿಸಿ, ತೋಟ ನೋಡಿಕೊಳ್ಳುವವರಿಗೆ ನೋಂದಾಯಿತ ಅಧಿಕಾರ ಪತ್ರವನ್ನು ಇಲ್ಲಿರುವಾಗಲೇ ಬರೆದುಕೊಡಿ. ಅದನ್ನು ಪರದೇಶದಿಂದ ಮಾಡಿಸುವುದಾದರೆ ರಾಯಭಾರ ಕಚೇರಿಯ ಮುಂದೆ ಸಹಿ ಹಾಕಿ, ಮೂಲ ಪ್ರತಿಯನ್ನು ಇಲ್ಲಿಗೆ ಕಳುಹಿಸಿ, ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕಾಗುತ್ತದೆ.