ಆಸಿಡ್ ಹಾಕಿ ತೊಳೆದರೂ ಆರ್‌ಒ ಯಾಕೆ ಕಟ್ಟಿಕೊಳ್ಳುತ್ತದೆ?

ಪ್ರಶ್ನೆ: ನಮ್ಮದು ಹತ್ತಿ ಬಟ್ಟೆಗೆ ಬಣ್ಣ ಹಾಕುವ ಘಟಕ. ಬಣ್ಣದ ನೀರಿಗೆ ಸುಣ್ಣ, ಫೆರಸ್ ಸಲ್ಫೇಟ್, ಪಾಲಿಮರ್ ಹಾಕಿ ತಿಳಿ ಮಾಡಿ, ಏರೇಷನ್ ಟ್ಯಾಂಕ್, ಯುಎಫ್ (ಸಣ್ಣ ಕಣ ತಡೆಯುವ ಮೆಂಬ್ರೇನ್ ಸೋಸುಕ) ದಾಟಿಸಿ ಆರ್‌ಒಗೆ (ಕರಗಿದ ಉಪ್ಪನ್ನೂ ತಡೆಯುವ ಮೆಂಬ್ರೇನ್) ಕೊಡುತ್ತೇವೆ. ಮೂರು ವಾರಕ್ಕೇ ಆರ್‌ಒದ ಮೊದಲ ಹಂತ ಕಟ್ಟಿಕೊಳ್ಳುತ್ತದೆ. ಆಸಿಡ್ ವಾಶ್ ಮಾಡಿದರೂ ನೀರು ಏರುತ್ತಿಲ್ಲ.
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ಲವಣದ ಪದರವಾಗಿದ್ದರೆ ಕೊನೆಯ ಹಂತ ಮೊದಲು ಕಟ್ಟುತ್ತಿತ್ತು. ಮೊದಲ ಹಂತದಲ್ಲೇ ಒತ್ತಡದ ವ್ಯತ್ಯಾಸ ಏರುತ್ತಿದೆ ಎಂದರೆ ಅಲ್ಲಿ ಕೂತಿರುವುದು ಬಣ್ಣದ ಅಂಶ, ಪಾಲಿಮರ್, ಕಬ್ಬಿಣ, ಲೋಳೆ. ಇದಕ್ಕೆ ಮೊದಲೇ ಆಸಿಡ್ ಹಾಕಿದರೆ ಸಾವಯವ ಪದರ ಇನ್ನಷ್ಟು ಗಟ್ಟಿಯಾಗುತ್ತದೆ.

ಕಾಸ್ಟಿಕ್ ಮೊದಲು, ಆಸಿಡ್ ಆಮೇಲೆ. ಆರ್‌ಒ ನೀರಿನಲ್ಲೇ ದ್ರಾವಣ ಕಲಸಿ: ಕಾಸ್ಟಿಕ್ ಶೇ. 0.1, ಸೋಡಿಯಂ ಇಡಿಟಿಎ ಶೇ. 1, ಪಿಎಚ್ 12ರ ಒಳಗೆ, ಬಿಸಿ 30 ಡಿಗ್ರಿ ಸಾಕು. ತಯಾರಕರ ಮಿತಿಯನ್ನೂ ನೋಡಿಕೊಳ್ಳಿ. ಮೊದಲು ವಾಪಸು ಬರುವ ಕಡು ಬಣ್ಣದ ನೀರನ್ನು ಟ್ಯಾಂಕಿಗೆ ಬಿಡದೆ ಚೆಲ್ಲಿ. ಕಡಿಮೆ ಒತ್ತಡದಲ್ಲಿ ಅರ್ಧ ಗಂಟೆ ತಿರುಗಿಸಿ, ಒಂದು ಗಂಟೆ ನೆನೆಸಿ, ಮತ್ತೆ ತಿರುಗಿಸಿ. ದ್ರಾವಣ ಕಪ್ಪಾದರೆ ಹೊಸದು ಹಾಕಿ. ಚೆನ್ನಾಗಿ ತೊಳೆದ ಮೇಲೆ ಕಬ್ಬಿಣಕ್ಕಾಗಿ ಶೇ. 2 ಸಿಟ್ರಿಕ್ ಆಸಿಡ್. ನೀರಿನ ಪ್ರಮಾಣ ಶೇ. 10–15 ಇಳಿದಾಗಲೇ ತೊಳೆಯಬೇಕು. ಅರ್ಧಕ್ಕೆ ಇಳಿಯುವವರೆಗೆ ಕಾದರೆ ಪೂರ್ತಿ ಚೇತರಿಕೆ ಕಷ್ಟ.

ತೊಳೆಯುವುದು ತಾತ್ಕಾಲಿಕ ಪರಿಹಾರ ಅಷ್ಟೆ. ನಿಮ್ಮ ಪಾಲಿಮರ್ ಕ್ಯಾಟಯಾನಿಕ್ (ಧನ ಆವೇಶದ್ದು) ಆಗಿದ್ದರೆ ನಮಗೆ ಅದರ ಮೇಲೇ ಹೆಚ್ಚು ಅನುಮಾನ. ಉಳಿದದ್ದು ಯುಎಫ್ ದಾಟಿ ಬರುತ್ತದೆ, ಋಣ ಆವೇಶದ ಮೆಂಬ್ರೇನಿಗೆ ಅಂಟುತ್ತದೆ, ಆಂಟಿಸ್ಕೇಲೆಂಟ್ (ಲವಣ ಕೂರದಂತೆ ಹಾಕುವ ರಾಸಾಯನಿಕ) ಜೊತೆ ಸೇರಿ ಅಂಟುಜಿಗುಟಾಗುತ್ತದೆ. ಪ್ರತಿ ಬ್ಯಾಚ್ ಬದಲಾದಾಗ ಜಾರ್ ಟೆಸ್ಟ್ (ಜಾರ್‌ಗಳಲ್ಲಿ ಬೇರೆ ಬೇರೆ ಡೋಸ್ ಹಾಕಿ ನೋಡುವುದು) ಮಾಡಿ ಡೋಸ್ ಇಳಿಸಿ. ಫೆರಸ್ ಹಾಕುವಾಗ ಪಿಎಚ್ 9ಕ್ಕಿಂತ ಕೆಳಗಿಳಿದರೆ ಕರಗಿದ ಕಬ್ಬಿಣ ಮುಂದೆ ಹೋಗಿ ಮೆಂಬ್ರೇನ್ ಮೇಲೆ ತುಕ್ಕಾಗುತ್ತದೆ. ಯುಎಫ್ ನೀರಿನ ಎಸ್‌ಡಿಐ (ನೀರು ಮೆಂಬ್ರೇನನ್ನು ಎಷ್ಟು ಬೇಗ ಕಟ್ಟಿಸುತ್ತದೆ ಎಂಬ ಅಳತೆ) ದಿನಾ ನೋಡಿ: 5 ದಾಟಬಾರದು, 3ರ ಒಳಗಿದ್ದರೆ ನಿಶ್ಚಿಂತೆ. ಯುಎಫ್‌ಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಹಾಕಿ ತೊಳೆದಾಗ ಉಳಿದ ಕ್ಲೋರಿನ್ ಆರ್‌ಒಗೆ ಹೋಗದಂತೆ ಸೋಡಿಯಂ ಮೆಟಾಬೈಸಲ್ಫೈಟ್ ಕೊಡಿ; ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು ಮೂರು ಮಿಲಿಗ್ರಾಂ. ಕ್ಲೋರಿನ್ ಸುಟ್ಟ ಆರ್‌ಒ ಮೆಂಬ್ರೇನಿನ ಪಾಲಿಅಮೈಡ್ ಪದರವನ್ನು ಯಾವ ವಾಶ್ ಕೂಡ ಸರಿಪಡಿಸದು.

ಪ್ರಶ್ನೆ: ಒಂದೇ ಆರ್‌ಒದಲ್ಲಿ ಶೇ. 90 ನೀರು ತೆಗೆಯಬಹುದೇ?
– ಓದುಗರು, ಪೀಣ್ಯ

ಉತ್ತರ: ಬೋರ್‌ವೆಲ್ ನೀರು ಬಳಸುವವರು ಮೊದಲು ಸಿಲಿಕಾ ನೋಡಿ. ಶೇ. 75 ತೆಗೆದರೆ ರಿಜೆಕ್ಟ್ (ಆರ್‌ಒದಲ್ಲಿ ಉಳಿಯುವ ಉಪ್ಪುನೀರು) ನಾಲ್ಕು ಪಟ್ಟು, ಶೇ. 90 ತೆಗೆದರೆ ಹತ್ತು ಪಟ್ಟು ಗಟ್ಟಿ. ಒಳಬರುವ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಿಲಿಕಾ ಇದ್ದರೆ ಶೇ. 75ಕ್ಕೇ 160 ಆಗುತ್ತದೆ. ಸಾಮಾನ್ಯವಾಗಿ 120ರ ಆಸುಪಾಸಿನಲ್ಲೇ ಸಿಲಿಕಾ ಕೂರತೊಡಗುತ್ತದೆ. ಆದ್ದರಿಂದ ಮೊದಲ ಆರ್‌ಒವನ್ನು ಶೇ. 65–70ಕ್ಕೆ ನಿಲ್ಲಿಸಿ, ರಿಜೆಕ್ಟ್‌ನ ಗಡಸುತನ, ಸಿಲಿಕಾ ಇಳಿಸಿ ಎರಡನೇ ಆರ್‌ಒಗೆ ಕೊಡಿ. ಉಳಿದದ್ದು ನೀರನ್ನು ಆವಿ ಮಾಡುವ ಇವಾಪೊರೇಟರ್‌ಗೆ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಮುಚ್ಚಿದ್ದ ತಿರುಪ್ಪೂರಿನ ಡೈಯಿಂಗ್ ಘಟಕಗಳು ಹಿಡಿದದ್ದೂ ಇದೇ ದಾರಿ. ಉಪ್ಪಿನ ದ್ರಾವಣವನ್ನು ಅಲ್ಲಿ ಮತ್ತೆ ಬಣ್ಣ ಹಾಕಲು ಬಳಸುತ್ತಾರೆ.