ಅಂಗೈಯಗಲದ ಬಂಕರ್ ಹಿಲ್ ತಟ್ಟೆ

ಪ್ರಶ್ನೆ: ಬಾಸ್ಟನ್ ಹತ್ತಿರ ಇರುವ ಮಗಳ ಮನೆಗೆ ಹೋಗಿದ್ದಾಗ, ಹಳೆ ಸಾಮಾನಿನ ಸಂತೆಯಲ್ಲಿ ಅಂಗೈಯಗಲದ ಗಾಜಿನ ತಟ್ಟೆ ಕೊಂಡೆ. ನಡುವೆ ಎತ್ತರದ ಕಂಬ, ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳು, ‘ಬಂಕರ್ ಹಿಲ್’ ಅಂತ ಓದಲು ಬರುತ್ತದೆ. ಇಷ್ಟು ಚಿಕ್ಕ ತಟ್ಟೆಯಲ್ಲಿ ಏನು ತಿನ್ನುತ್ತಿದ್ದರು? ಇದು ನಿಜವಾಗಿ ಹಳೆಯದಾ? ತೊಳೆಯುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದರಲ್ಲಿ ಯಾರೂ ಏನೂ ತಿನ್ನುತ್ತಿರಲಿಲ್ಲ ಮೇಡಂ, ಅದು ಕಪ್ ಇಡುವ ತಟ್ಟೆ. ನಮ್ಮ ಅಜ್ಜಂದಿರು ಬಿಸಿ ಚಹಾವನ್ನು ಬಸಿಗೆ ಸುರಿದು ಊದಿ ಊದಿ ಕುಡಿಯುತ್ತಿದ್ದರು ಅಲ್ವಾ, 1830–40ರ ಸುಮಾರಿಗೆ ಅಮೆರಿಕದಲ್ಲೂ ಹಾಗೇ ಕುಡಿಯುತ್ತಿದ್ದರು. ಬಸಿ ಕೈಯಲ್ಲಿದ್ದಾಗ ಒದ್ದೆ ತಳದ ಕಪ್ಪನ್ನು ಎಲ್ಲಿಡುವುದು? ಮೇಜಿನ ಬಟ್ಟೆಗೆ ಕಲೆ ಆಗಬಾರದು ಅಂತ ಈ ಪುಟ್ಟ ತಟ್ಟೆ.

ಕಂಬದ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಂಕರ್ ಹಿಲ್ ಕಾಳಗ ನಡೆದದ್ದು 1775ರ ಜೂನ್ 17ರಂದು. ಅದರ ನೆನಪಿಗೆ 1825ರಲ್ಲಿ ಅದೇ ದಿನ ಆ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ ಫ್ರಾನ್ಸಿನ ಸೇನಾನಿ ಲಫಾಯೆಟ್ ಈ ಕಂಬಕ್ಕೆ ಅಡಿಗಲ್ಲು ಹಾಕಿದ. ಆಮೇಲೆ ದುಡ್ಡು ಸಾಲದೆ ಕೆಲಸ ನಿಂತೇ ಹೋಯಿತು. ಆಗ ಸಾರಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಮುಂದೆ ನಿಂತು, 1840ರಲ್ಲಿ ಬಾಸ್ಟನ್ನಿನ ಕ್ವಿನ್ಸಿ ಮಾರ್ಕೆಟ್‌ನಲ್ಲಿ ಹೆಂಗಸರಿಂದಲೇ ಒಂದು ದೊಡ್ಡ ಮೇಳ ನಡೆಸಿದರು, ಮನೆಯಲ್ಲಿ ಹೊಲಿದದ್ದು, ಮಾಡಿದ್ದು ಎಲ್ಲ ಮಾರಿ ಸುಮಾರು 30,000 ಡಾಲರ್ ಕೂಡಿಸಿದರು. 221 ಅಡಿಯ ಕಂಬ 1843ರಲ್ಲಿ ಉದ್ಘಾಟನೆಯಾಯಿತು. ನಿಮ್ಮ ತಟ್ಟೆಯ ಅಂಚಿನ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ, ‘ಲೇಡೀಸ್’ ಅನ್ನುವ ಪದ ಸಿಗಬೇಕು. ಅದು ಇವರೇ.

ಹಳೆಯದಾ ಅಂದರೆ, ಫೋಟೊ ಇಲ್ಲದೆ ನಾನು ಹೇಳಲಾರೆ. ಇಂಥ ಪುಟ್ಟ ತಟ್ಟೆಗಳ ನಕಲು ಜಾಸ್ತಿ ಬಂದಿವೆ. ತಟ್ಟೆಯನ್ನು ಬೋರಲು ಹಾಕಿ ನೋಡಿ. ಚಿತ್ರ ಇರುವುದು ಅಡಿಭಾಗದಲ್ಲಿ, ಹಾಗಾಗಿ ಮೇಜಿಗೆ ತಾಗುವ ಉಬ್ಬುಗಳ ಮೇಲೆ ವರ್ಷಗಟ್ಟಲೆ ಉಜ್ಜಿದ ಸಣ್ಣ ಗೀರುಗಳು ಅಡ್ಡಾದಿಡ್ಡಿ ಇರಬೇಕು. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಮರಳು ಕಾಗದ ಹಾಕಿ ಉಜ್ಜಿದ್ದಾರೆ ಅಂತ ಅನುಮಾನಪಡಿ. ಸುತ್ತಲ ಜಾಗದಲ್ಲಿ ರಾಗಿ ಚೆಲ್ಲಿದ ಹಾಗೆ ಸಣ್ಣ ಚುಕ್ಕಿಗಳಿವೆಯಾ? ಬಿಸಿ ಗಾಜು ತಣ್ಣಗಿನ ಅಚ್ಚಿಗೆ ತಾಗಿದಾಗ ಮೇಲ್ಮೈ ಸುಕ್ಕಾಗುತ್ತಿತ್ತು, ಅದನ್ನು ಮುಚ್ಚಲು ಈ ಚುಕ್ಕಿ. ಇದನ್ನು ನಕಲಿನವರೂ ಮಾಡುತ್ತಾರೆ, ಅದೊಂದನ್ನೇ ನಂಬಬೇಡಿ. ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಸೀಸ ಬೆರೆತ ಹಳೆ ಗಾಜು ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ.

ತೊಳೆಯುವಾಗ ಸಬೀನಾ ಪುಡಿ, ತಂತಿ ಬ್ರಷ್ ಹತ್ತಿರವೂ ತರಬೇಡಿ. ಸಿಂಕಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ, ಮೆತ್ತನೆ ಬಟ್ಟೆಯಲ್ಲಿ ತೊಳೆಯಿರಿ. ಅಂಚಲ್ಲಿ ಸಣ್ಣ ಚಕ್ಕೆ ಹಾರಿದ್ದರೆ ಹಾಗೇ ಇರಲಿ. ಅಂಗಡಿಯವರು ಉಜ್ಜಿ ನುಣುಪು ಮಾಡಿಕೊಡುತ್ತೇವೆ ಅಂದರೂ ಕೊಡಬೇಡಿ, ಅಂಚಿನ ಆಕಾರ ಹೋದರೆ ತಟ್ಟೆ ಗುರುತಿಸುವುದೇ ಕಷ್ಟ.